ಕರ್ಚೀಫು, ಕರ್ಫ್ಯೂ, ಕವರು: ಫ್ರೆಂಚ್ ಮೂಲದ ನೆಂಟ ಪದಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ದಿನಾ ಆಡುವ ಕನ್ನಡದಲ್ಲಿ ಫ್ರೆಂಚ್ ಪದಗಳು ನಿಜವಾಗ್ಲೂ ಇವೆಯಾ?

ಇವೆ, ಬೇಕಾದಷ್ಟಿವೆ. ಬೆಳಿಗ್ಗೆ ಕೆಲಸಕ್ಕೆ ಹೊರಟವರೊಬ್ಬರನ್ನು ನೆನೆಸಿಕೊಳ್ಳಿ. ಜೇಬಿನಲ್ಲಿ ಕರ್ಚೀಫು, ಕೈಯಲ್ಲಿ ಒಂದು ಕವರು. ಡಿಪೋದಿಂದ ಬಸ್ಸು ಬರುತ್ತದೆ. ಟಿಕೆಟ್ ತೆಗೆದುಕೊಳ್ಳುತ್ತಾರೆ. ಇಳಿದು ಹೋಟೆಲಿನಲ್ಲಿ ತಿಂಡಿ ತಿಂದು ಕೋರ್ಟಿಗೆ ಹೋಗುತ್ತಾರೆ, ಸಂಜೆ ಮಗಳನ್ನು ನೋಡಲು ಹಾಸ್ಟೆಲಿಗೆ. ಇಷ್ಟರಲ್ಲೇ ಎಂಟು ಪದಗಳು ಫ್ರೆಂಚಿನ ಮನೆಯಿಂದ ಬಂದವು. ಇವನ್ನು ನಾವು ಇಂಗ್ಲಿಷ್ ಎಂದುಕೊಂಡಿದ್ದೇವೆ. ಅದು ತಪ್ಪಲ್ಲ. ನಮಗೆ ಕೊಟ್ಟಿದ್ದು ಇಂಗ್ಲಿಷೇ. ಆದರೆ ಇಂಗ್ಲಿಷಿಗೂ ಅವು ಬೇರೆ ಮನೆಯಿಂದ ಬಂದವು.

ನನಗೆ ಇದರಲ್ಲಿ ತುಂಬ ಇಷ್ಟವಾಗುವುದು ಒಂದು ವಿಷಯ. ಈ ಪದಗಳು ಒಂಟಿಯಾಗಿ ಬಂದಿಲ್ಲ. ಅಣ್ಣ ತಮ್ಮ ಅಕ್ಕ ತಂಗಿಯರ ಹಾಗೆ ಬಂದಿವೆ, ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಬಾಗಿಲಿನಿಂದ. ಹಾಗಾಗಿ ಈಗ ಎದುರುಬದುರು ಕೂತಿದ್ದರೂ ಒಂದರ ಗುರುತು ಇನ್ನೊಂದಕ್ಕೆ ಇಲ್ಲ.

ಒಂದೇ ಪದ ಎರಡು ಸಲ ಬರೋದು ಅಂದರೆ ಏನು?

ಕನ್ನಡದವರಿಗೆ ಇದು ಹೊಸದಲ್ಲ. ಯಾತ್ರೆ ಮತ್ತು ಜಾತ್ರೆ ನೋಡಿ. ಎರಡೂ ಸಂಸ್ಕೃತದ ಒಂದೇ ಪದ. ಒಂದು ಹಾಗೇ ಉಳಿಯಿತು. ಇನ್ನೊಂದು ಜನರ ಬಾಯಲ್ಲಿ ಸವೆದು ಜಾತ್ರೆ ಆಯಿತು. ಈಗ ಅರ್ಥವೂ ಬೇರೆ. ಕಾಶಿಗೆ ಹೋಗುವುದು ಯಾತ್ರೆ, ಊರ ದೇವರ ತೇರು ಎಳೆಯುವುದು ಜಾತ್ರೆ. ಸ್ಥಾನ ಮತ್ತು ತಾಣ ಕೂಡ ಹಾಗೇ. ಇಂಗ್ಲಿಷಿನಲ್ಲಿ ಫ್ರೆಂಚ್ ಪದಗಳಿಗೆ ಆಗಿರುವುದೂ ಇದೇ.

ಟಿಪ್ಪು ಕಾಲದಲ್ಲಿ ಫ್ರೆಂಚರು ಮೈಸೂರಿನಲ್ಲಿದ್ದರಲ್ವಾ? ಆಗ ನೇರವಾಗಿ ಪದಗಳು ಬರಲಿಲ್ಲವಾ?

ಇದ್ದರು. ಹೈದರ್ ಮತ್ತು ಟಿಪ್ಪು ಇಬ್ಬರ ಸೈನ್ಯದಲ್ಲೂ ಫ್ರೆಂಚ್ ಸಿಪಾಯಿಗಳಿದ್ದರು. ಅವರು ಬೀಡುಬಿಟ್ಟಿದ್ದ ಜಾಗವೇ ಹಿರೋಡೆ, ಅಂದರೆ ಈಗಿನ ಪಾಂಡವಪುರ. ಬ್ರಿಟಿಷರು ಅದನ್ನು ಫ್ರೆಂಚ್ ರಾಕ್ಸ್ ಎಂದೇ ಕರೆದರು. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಫ್ರಾನ್ಸಿಗೆ ಹೋಗಿ ದೊರೆ ಹದಿನಾರನೇ ಲೂಯಿಯನ್ನು ವರ್ಸೇಯ್ ಅರಮನೆಯಲ್ಲಿ ಕಂಡರು.

ಆದರೂ ನಮ್ಮ ದಿನಬಳಕೆಯ ಪದಗಳು ಬಂದದ್ದು ಹೆಚ್ಚಾಗಿ ಇಂಗ್ಲಿಷಿನ ಮೂಲಕ. ಶಾಲೆ, ಕೋರ್ಟು, ರೈಲು, ಕಚೇರಿ ಎಲ್ಲ ಬ್ರಿಟಿಷರ ಕೈಯಲ್ಲಿದ್ದವು. ಪದವನ್ನು ತರುವುದು ಸೈನ್ಯಕ್ಕಿಂತ ಜಾಸ್ತಿ ಕಚೇರಿ. ಕಾಡತೂಸು ಅನ್ನುವ ಪದ ಮಾತ್ರ ಇಂಗ್ಲಿಷಿನ ಬಾಯಿಂದ ಬಂದಂತಿಲ್ಲ. ಫ್ರೆಂಚಿನ ಕಾರ್ತೂಶ್, ಪೋರ್ಚುಗೀಸಿನ ಕಾರ್ತೂಶು, ಎರಡಕ್ಕೂ ಅದು ಹತ್ತಿರ. ಇಂಗ್ಲಿಷಿನವರು ಅದೇ ಪದವನ್ನು ತಿರುಚಿ ಕಾರ್ಟ್ರಿಜ್ ಮಾಡಿಕೊಂಡರು. ಮೂಲದಲ್ಲಿ ಅದು ಸುರುಳಿ ಸುತ್ತಿದ ಕಾಗದ. ಮದ್ದಿನಪುಡಿಯನ್ನು ಕಾಗದದಲ್ಲಿ ಸುತ್ತಿ ಇಡುತ್ತಿದ್ದರು. ಹಾಗಾಗಿ ಕಾರ್ಡು, ಚಾರ್ಟು, ರಟ್ಟಿನ ಕಾರ್ಟನ್, ಪತ್ರಿಕೆಯ ಕಾರ್ಟೂನ್ ಎಲ್ಲ ಕಾಡತೂಸಿನ ದಾಯಾದಿಗಳು. ಹಿರಿಯಜ್ಜ ಗ್ರೀಕರ ಖಾರ್ತೆಸ್, ಅಂದರೆ ಪಪೈರಸ್ ಹಾಳೆ.

ಇಂಗ್ಲಿಷಿಗೆ ಅಷ್ಟೊಂದು ಫ್ರೆಂಚ್ ಪದ ಬಂದಿದ್ದು ಯಾಕೆ?

1066ರ ಅಕ್ಟೋಬರ್ 14. ಫ್ರಾನ್ಸಿನ ಉತ್ತರ ತೀರದ ನಾರ್ಮಂಡಿಯ ವಿಲಿಯಮ್ ಸಮುದ್ರ ದಾಟಿ ಬಂದು ಹೇಸ್ಟಿಂಗ್ಸ್ ಎಂಬಲ್ಲಿ ಇಂಗ್ಲೆಂಡಿನ ದೊರೆಯನ್ನು ಸೋಲಿಸಿದ. ಅಲ್ಲಿಂದ ಮುಂದೆ ಎರಡು ಮೂರು ಶತಮಾನ ಅರಮನೆಯ ಮಾತು ಫ್ರೆಂಚ್, ಹೊಲಗದ್ದೆಯ ಮಾತು ಇಂಗ್ಲಿಷ್. ಕುರಿ ಕಾಯುವವನಿಗೆ ಅದು ಶೀಪ್, ತಟ್ಟೆಗೆ ಬಂದಾಗ ಮಟನ್. ಮೂತೊ ಅಂದರೆ ಫ್ರೆಂಚಿನಲ್ಲಿ ಕುರಿಯೇ.

ನ್ಯಾಯದ ಪದಗಳಂತೂ ಸಾಲುಸಾಲಾಗಿ ಬಂದವು. ಕೋರ್ಟು, ಜಡ್ಜು, ಅಪೀಲು, ಸಮನ್ಸು, ಬೇಲು, ವಾರೆಂಟು. 1362ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಕಾನೂನು ಬಂತು. ಜನರಿಗೆ ಫ್ರೆಂಚ್ ಅರ್ಥವಾಗುವುದಿಲ್ಲ, ಕೋರ್ಟಿನಲ್ಲಿ ವಾದ ಇಂಗ್ಲಿಷಿನಲ್ಲೇ ನಡೆಯಲಿ ಎಂದು. ಆ ಕಾನೂನನ್ನು ಬರೆದದ್ದು ಮಾತ್ರ ಫ್ರೆಂಚಿನಲ್ಲಿ. ನಮ್ಮ ಕೋರ್ಟುಗಳಲ್ಲಿ ಕನ್ನಡ ಬೇಕು ಎಂದು ಕೇಳುವವರಿಗೆ ಈ ಸಂಗತಿ ಮನಸ್ಸಿಗೆ ತಟ್ಟುತ್ತದೆ. ತನಗೆ ಗೊತ್ತಿಲ್ಲದ ಮಾತಿನಲ್ಲಿ ತನ್ನದೇ ತೀರ್ಪು ಕೇಳುವ ಕಷ್ಟ ಎಲ್ಲ ಕಾಲದಲ್ಲೂ ಒಂದೇ.

ಕರ್ಚೀಫಿಗೂ ಕರ್ಫ್ಯೂಗೂ ಏನು ಸಂಬಂಧ?

ಎರಡರಲ್ಲೂ ಕವರು ಅಡಗಿದೆ. ಫ್ರೆಂಚಿನಲ್ಲಿ ಕೂವ್ರಿರ್ ಎಂದರೆ ಮುಚ್ಚುವುದು. ಇಂಗ್ಲಿಷಿನ ಕವರ್ ಅದರಿಂದಲೇ ಬಂತು. ತರಕಾರಿ ತರುವ ನಮ್ಮ ಕವರೂ ಅದೇ.

ಹಳೆಯ ಫ್ರೆಂಚಿನಲ್ಲಿ ಚೀಫ್ ಎಂದರೆ ತಲೆ. ಕೂವ್ರ್ ಜೊತೆ ಚೀಫ್ ಸೇರಿದರೆ ತಲೆಮುಚ್ಚುಗೆ. ಅದೇ ಕರ್ಚೀಫ್. ಮೊದಲಿಗೆ ಅದು ತಲೆಗೆ ಕಟ್ಟುವ ಬಟ್ಟೆ ಮಾತ್ರ. ಆಮೇಲೆ 16ನೇ ಶತಮಾನದಲ್ಲಿ ಅಂಥದ್ದೇ ಚೌಕದ ಬಟ್ಟೆಯನ್ನು ಕೈಯಲ್ಲಿ ಹಿಡಿಯುವ ರೂಢಿಗೆ ಹೊಸ ಹೆಸರು ಬೇಕಾಯಿತು. ಮುಂದೆ ಹ್ಯಾಂಡ್ ಸೇರಿಸಿದರು. ಬಿಡಿಸಿ ಹೇಳಿದರೆ ಕೈಯ ತಲೆಮುಚ್ಚುಗೆ! ನಾವು ಆ ಹ್ಯಾಂಡನ್ನು ಬಿಟ್ಟು ಬರೀ ಕರ್ಚೀಫು ಎನ್ನುತ್ತೇವೆ. ಉರಿಬಿಸಿಲಲ್ಲಿ ಗದ್ದೆ ಬದುವಿನ ಮೇಲೆ ನಡೆಯುವಾಗ ಯಾರಾದರೂ ಕರ್ಚೀಫನ್ನು ನಾಲ್ಕು ಮೂಲೆ ಗಂಟುಹಾಕಿ ತಲೆಗೆ ಹಾಕಿಕೊಂಡರೆ, ಆ ಪದ ತನ್ನ ಮೊದಲ ಅರ್ಥಕ್ಕೆ ಮರಳಿದ ಹಾಗೆ.

ಇನ್ನು ಫ್ರೆಂಚಿನಲ್ಲಿ ಬೆಂಕಿಗೆ ಫ್ಯೋ. ಕೂವ್ರ್ ಜೊತೆ ಅದು ಸೇರಿ ಕರ್ಫ್ಯೂ ಆಯಿತು. ಬೆಂಕಿಯನ್ನು ಮುಚ್ಚಿ ಎಂದರ್ಥ. ಆಗಿನ ಯುರೋಪಿನ ಊರುಗಳಲ್ಲಿ ಮನೆಗಳು ಮರದವು, ಚಾವಣಿ ಹುಲ್ಲಿನದು. ರಾತ್ರಿ ಗಂಟೆ ಬಾರಿಸುತ್ತಿದ್ದರು. ಗಂಟೆ ಕೇಳಿದ ಕೂಡಲೇ ಮನೆಮನೆಯಲ್ಲೂ ಒಲೆಯ ಬೆಂಕಿಗೆ ಬೂದಿ ಮುಚ್ಚಬೇಕು. ಬರಬರುತ್ತಾ ಆ ಗಂಟೆ ಬೆಂಕಿಗೆ ಮಾತ್ರವಲ್ಲ, ಮನುಷ್ಯರಿಗೂ ಹೊರಗೆ ಬರಬೇಡಿ ಎಂದು ಹೇಳುವ ಗಂಟೆ ಆಯಿತು.

ನನ್ನ ಅಜ್ಜಿ ರಾತ್ರಿ ಅಡುಗೆ ಮುಗಿದ ಮೇಲೆ ಇದನ್ನೇ ಮಾಡುತ್ತಿದ್ದರು. ಒಲೆಯ ಕೆಂಡವನ್ನು ಒಂದು ಕಡೆ ಸೇರಿಸಿ ಮೇಲೆ ಬೂದಿ ಎಳೆಯುತ್ತಿದ್ದರು. ಬೆಳಿಗ್ಗೆ ಬೂದಿ ಕೆದಕಿದರೆ ಒಳಗೆ ಕೆಂಪಗೆ ಕೆಂಡ. ಬೆಂಕಿಕಡ್ಡಿ ಗೀರುವ ಕೆಲಸವೇ ಇಲ್ಲ. ಬೂದಿ ಮುಚ್ಚಿದ ಕೆಂಡ ಎಂಬ ನಮ್ಮ ಮಾತು ಬಂದದ್ದು ಇಂಥ ಒಲೆಗಳಿಂದಲೇ ಅಲ್ವಾ. ಗಲಭೆ ಆದ ಊರಿನಲ್ಲಿ ಕರ್ಫ್ಯೂ ಹಾಕಿದ್ದಾರೆ ಎಂದು ಕೇಳಿದಾಗೆಲ್ಲ ನನಗೆ ಆ ಒಲೆ ನೆನಪಾಗುತ್ತದೆ.

ಚೀಫ್ ಎಂದರೆ ತಲೆಯಾದರೆ ಚೀಫ್ ಮಿನಿಸ್ಟರ್, ಅಡುಗೆಮನೆಯ ಶೆಫ್?

ಎರಡೂ ಅದೇ ಪದ. ತಂಡದ ತಲೆಯೇ ಚೀಫ್. ನಾವೂ ಮುಖದಿಂದ ಮುಖ್ಯ, ಮುಖ್ಯಸ್ಥ ಎಂದು ಮಾಡಿಕೊಂಡಿದ್ದೇವೆ. ಶೆಫ್ ಎಂದರೆ ಅಡುಗೆಮನೆಯ ಮುಖ್ಯಸ್ಥ. ಲ್ಯಾಟಿನ್ನಿನಲ್ಲಿ ತಲೆಗೆ ಕಾಪುಟ್. ಕ್ಯಾಪ್ಟನ್, ಕ್ಯಾಪಿಟಲ್ ಕೂಡ ಅದರ ಮಕ್ಕಳು.

ಹಾಗಾದರೆ ಒಂದಕ್ಕೆ ಚ, ಇನ್ನೊಂದಕ್ಕೆ ಶ ಯಾಕೆ?

ಈ ಪ್ರಶ್ನೆ ಕೇಳಿದರೆ ನನಗೆ ಖುಷಿ. ಪದ ಯಾವಾಗ ಬಂತು ಎನ್ನುವುದನ್ನು ಅದರ ಸದ್ದೇ ಹೇಳುತ್ತದೆ.

ಹಳೆಯ ಕಾಲದಲ್ಲಿ ಪ್ಯಾರಿಸ್ ಕಡೆಯವರು ಅಲ್ಲಿ ಚ ಎಂದೇ ಉಚ್ಚರಿಸುತ್ತಿದ್ದರು. ಆಗ ಇಂಗ್ಲಿಷಿಗೆ ಬಂದವು ಚೀಫ್, ಚೇರ್, ಚೇಂಬರ್, ಚಾರ್ಟರ್. ಆಮೇಲೆ ಫ್ರೆಂಚರ ಬಾಯಲ್ಲಿ ಚ ಮೆತ್ತಗಾಗಿ ಶ ಆಯಿತು. ಅದಾದ ಮೇಲೆ ಬಂದವು ಶೆಫ್, ಮಷೀನ್, ಬ್ರೋಷರ್, ಕಾರು ಓಡಿಸುವ ಷೋಫರ್. ಇಂಗ್ಲಿಷಿನವರು ಹಳೆಯ ಪದಗಳನ್ನು ತಿದ್ದಲು ಹೋಗಲಿಲ್ಲ. ಬಂದಾಗ ಹೇಗಿತ್ತೋ ಹಾಗೇ ಇಟ್ಟುಕೊಂಡರು.

ಇನ್ನೊಂದು ಬಾಗಿಲೂ ಇತ್ತು. ನಾರ್ಮಂಡಿಯವರ ಫ್ರೆಂಚಿನಲ್ಲಿ ಅದೇ ಜಾಗದಲ್ಲಿ ಕ ಇರುತ್ತಿತ್ತು. ಅವರದು ಕ್ಯಾಸಲ್, ಈಗಿನ ಫ್ರೆಂಚರದು ಶಾತೋ. ಎರಡೂ ಕೋಟೆಮನೆಯೇ.

ಒಂದೇ ಬೇರಿನಿಂದ ಕ, ಚ, ಶ ಮೂರೂ ಬಂದದ್ದನ್ನು ನೋಡಬೇಕೆಂದರೆ ಲ್ಯಾಟಿನ್ನಿನ ಕಾಂಪುಸ್ ಹಿಡಿಯಿರಿ. ಅಂದರೆ ಬಯಲು. ಕಾಲೇಜಿನ ಕ್ಯಾಂಪಸ್ ಲ್ಯಾಟಿನ್ನಿನಿಂದ ನೇರ ಬಂತು. ಕ್ಯಾಂಪ್ ಇಟಾಲಿಯನ್ನಿನಿಂದ ಫ್ರೆಂಚಿಗೆ ಹೋಗಿ, ಕ ಸದ್ದನ್ನು ಉಳಿಸಿಕೊಂಡೇ ಇಂಗ್ಲಿಷಿಗೆ ಬಂತು. ಬಯಲಿಗಿಳಿದು ಕಾದಾಡುವವನು ಚಾಂಪಿಯನ್. ಅದು 13ನೇ ಶತಮಾನದ ಪದ, ಹಾಗಾಗಿ ಚ. ಬಯಲುಸೀಮೆ ಎಂಬ ಅರ್ಥದ ಷಾಂಪೇನ್ ಫ್ರಾನ್ಸಿನ ಒಂದು ಪ್ರದೇಶದ ಹೆಸರು. ಅಲ್ಲಿನ ವೈನ್ 17ನೇ ಶತಮಾನದಲ್ಲಿ ಇಂಗ್ಲೆಂಡಿಗೆ ಬಂತು, ಹಾಗಾಗಿ ಶ. ಗೆದ್ದ ಚಾಂಪಿಯನ್ನು ಷಾಂಪೇನ್ ಚಿಮ್ಮಿಸುವಾಗ ಒಂದೇ ಬಯಲಿನ ಇಬ್ಬರು ಮಕ್ಕಳು ಒಟ್ಟಿಗೆ ಸೇರಿರುತ್ತಾರೆ.

ಹೋಟೆಲ್, ಹಾಸ್ಟೆಲ್, ಹಾಸ್ಪಿಟಲ್ ಮೂರೂ ಒಂದೇನಾ?

ಒಂದೇ. ಲ್ಯಾಟಿನ್ನಿನಲ್ಲಿ ಹೋಸ್ಪೆಸ್ ಎಂದರೆ ಅತಿಥಿಯೂ ಹೌದು, ಅತಿಥಿಗೆ ಜಾಗ ಕೊಡುವವನೂ ಹೌದು. ಈಗಿನ ಫ್ರೆಂಚಿನಲ್ಲೂ ಓತ್ ಎಂಬ ಪದಕ್ಕೆ ಎರಡೂ ಅರ್ಥ ಉಳಿದಿದೆ. ಮನೆಗೆ ಬಂದವನಿಗೂ ಮನೆಯವನಿಗೂ ಒಂದೇ ಹೆಸರು. ಎಷ್ಟು ಚೆಂದ!

ಅದರಿಂದ ಹೋಸ್ಪಿಟಾಲೆ ಎಂಬ ಪದ ಆಯಿತು. ನಡುಗಾಲದ ಯುರೋಪಿನಲ್ಲಿ ಅದು ನಮ್ಮ ಧರ್ಮಛತ್ರದಂಥ ಜಾಗ. ಯಾತ್ರಿಕರು, ಬಡವರು, ಮುದುಕರು, ಕಾಯಿಲೆಯವರು ಎಲ್ಲರಿಗೂ ಅಲ್ಲಿ ಆಸರೆ. ಸನ್ಯಾಸಿಗಳೋ ಸನ್ಯಾಸಿನಿಯರೋ ನೋಡಿಕೊಳ್ಳುತ್ತಿದ್ದರು. ಬರಬರುತ್ತಾ ಕಾಯಿಲೆಯವರ ಆರೈಕೆಯೇ ಮುಖ್ಯವಾಗಿ ಹಾಸ್ಪಿಟಲ್ ಆಯಿತು. ಪ್ಯಾರಿಸಿನ ಬಹಳ ಹಳೆಯ ಆಸ್ಪತ್ರೆಯ ಹೆಸರು ಇವತ್ತಿಗೂ ಓತೆಲ್ ದ್ಯೋ, ದೇವರ ಹೋಟೆಲ್. ಆಸ್ಪತ್ರೆ ಎಂಬ ನಮ್ಮ ಪದ ಸಂಸ್ಕೃತದ್ದೆಂದು ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ, ಅದೂ ಇದೇ ಹಾಸ್ಪಿಟಲ್. ಹಿಂದಿಯಲ್ಲಿ ಅಸ್ಪತಾಲ್ ಆಯಿತು, ನಮ್ಮಲ್ಲಿ ಆಸ್ಪತ್ರೆ.

ಹಳೆಯ ಫ್ರೆಂಚಿನಲ್ಲಿ ಆ ಪದ ಸವೆದು ಓಸ್ತೆಲ್ ಆಯಿತು. ಅದು ಇಂಗ್ಲಿಷಿಗೆ ಬಂದು ಹಾಸ್ಟೆಲ್. ಆಮೇಲೆ ಫ್ರೆಂಚರು ಸ ಸದ್ದನ್ನು ಬಿಟ್ಟರು. ಓತೆಲ್ ಆಯಿತು. ಆ ಹೊಸ ರೂಪ ಮತ್ತೆ ಇಂಗ್ಲಿಷಿಗೆ ಬಂದು ಹೋಟೆಲ್. ಕಳೆದುಹೋದ ಸ ಗುರುತಿಗೆ ಫ್ರೆಂಚರು ಅಕ್ಷರದ ತಲೆಯ ಮೇಲೆ ಪುಟ್ಟ ಟೋಪಿಯಂಥ ಚಿಹ್ನೆ ಇಡುತ್ತಾರೆ. ಕಾಡಿಗೆ ಅವರು ಫೊರೆ ಎನ್ನುತ್ತಾರೆ, ಟೋಪಿ ಹಾಕಿ. ಇಂಗ್ಲಿಷಿನ ಫಾರೆಸ್ಟ್ ಆ ಸ ಸದ್ದನ್ನು ಜೋಪಾನವಾಗಿ ಇಟ್ಟುಕೊಂಡಿದೆ. ಹಳಗನ್ನಡದ ಪಾಲು ನಮ್ಮಲ್ಲಿ ಹಾಲು ಆಯಿತು, ತಮಿಳಿನಲ್ಲಿ ಪಾಲ್ ಆಗಿಯೇ ಉಳಿಯಿತಲ್ಲ, ಹಾಗೆ.

ಫ್ರಾನ್ಸಿನಲ್ಲಿ ಓತೆಲ್ ಎಂದರೆ ದೊಡ್ಡ ಮನೆ, ಸರ್ಕಾರಿ ಕಟ್ಟಡ ಎಂಬ ಅರ್ಥವೂ ಇದೆ. ಓತೆಲ್ ದ ವೀಲ್ ಎಂದರೆ ಪುರಭವನ. ನಮ್ಮಲ್ಲಿ ಹೋಟೆಲ್ ಎಂದರೆ ಮೊದಲು ನೆನಪಾಗುವುದು ದೋಸೆ, ಕಾಫಿ. ಕೋಣೆ ಬೇಕಾದರೆ ಲಾಡ್ಜ್ ಕೇಳುತ್ತೇವೆ. ಲಾಡ್ಜ್ ಕೂಡ ಫ್ರೆಂಚಿನಿಂದ ಬಂದದ್ದೇ.

ಅಂಗಡಿಯಲ್ಲಿ ವಾರಂಟಿ ಬೇರೆ, ಗ್ಯಾರಂಟಿ ಬೇರೆ ಎನ್ನುತ್ತಾರೆ. ಪದಗಳೂ ಬೇರೆಯೇ?

ಅಂಗಡಿಯವರ ಲೆಕ್ಕದಲ್ಲಿ ಬೇರೆ. ವಾರಂಟಿ ಇದ್ದರೆ ರಿಪೇರಿ ಮಾಡಿಕೊಡುತ್ತಾರೆ, ಗ್ಯಾರಂಟಿ ಇದ್ದರೆ ವಸ್ತುವನ್ನೇ ಬದಲಿಸಿಕೊಡುತ್ತಾರೆ ಎಂದು ನಮ್ಮ ಕಡೆ ಮಾತು. ಪದದ ಲೆಕ್ಕದಲ್ಲಿ ಒಂದೇ.

ಜರ್ಮನಿಕ್ ಬುಡಕಟ್ಟುಗಳ ಮಾತಿನಲ್ಲಿ ವ ಎಂದು ಶುರುವಾಗುವ ಪದಗಳು ಫ್ರೆಂಚಿಗೆ ಬಂದಾಗ ಪ್ಯಾರಿಸ್ ಕಡೆ ಗ ಆದವು. ನಾರ್ಮಂಡಿಯಲ್ಲಿ ವ ಆಗಿಯೇ ಉಳಿದವು. ಸಂಸ್ಕೃತದ ವನ ನಮ್ಮಲ್ಲಿ ಬನ ಆಯಿತಲ್ಲ, ಅಂಥದ್ದೇ ಕಥೆ. ವಾರೆಂಟ್, ವಾರಂಟಿ ನಾರ್ಮನ್ನರದು. ಗ್ಯಾರಂಟಿ ಪ್ಯಾರಿಸಿನವರದು. ಹಾಸ್ಟೆಲಿನ ವಾರ್ಡನ್ ನಾರ್ಮನ್, ಗೇಟಿನ ಹತ್ತಿರ ನಿಂತ ಗಾರ್ಡ್ ಪ್ಯಾರಿಸಿಗ. ಕೆಲಸ ಇಬ್ಬರದೂ ಒಂದೇ, ಕಾಯುವುದು. 1066ರಲ್ಲಿ ಗೆದ್ದ ವಿಲಿಯಮ್ಮನನ್ನೇ ಫ್ರೆಂಚರು ಗಿಯೋಮ್ ಎನ್ನುತ್ತಾರೆ.

ಕನ್ನಡದಲ್ಲಿ ಗ್ಯಾರಂಟಿ ಎಷ್ಟು ಒಗ್ಗಿಹೋಗಿದೆ ಎಂದರೆ, ನಾಳೆ ಗ್ಯಾರಂಟಿ ಬರ್ತೀನಿ ಎನ್ನುತ್ತೇವೆ. ಖಂಡಿತ ಎನ್ನುವ ಜಾಗದಲ್ಲಿ ಅದು ಸಲೀಸಾಗಿ ಕೂತುಬಿಟ್ಟಿದೆ. 2023ರಿಂದ ಕರ್ನಾಟಕದಲ್ಲಿ ಸರ್ಕಾರದ ಐದು ಯೋಜನೆಗಳಿಗೂ ಅದೇ ಹೆಸರು.

ಕ್ರಿಕೆಟ್ಟಿನಲ್ಲೂ ಇಂಥ ಪದಗಳಿವೆಯಾ?

ತುಂಬ ಇವೆ. ಕ್ಯಾಚ್ ಮತ್ತು ಚೇಸ್ ಅವಳಿಜವಳಿ. ಇಷ್ಟು ಹೊತ್ತಿಗೆ ನೀವೇ ಊಹಿಸಿರುತ್ತೀರಿ, ಕ ಇರುವುದು ನಾರ್ಮನ್, ಚ ಇರುವುದು ಪ್ಯಾರಿಸ್. ಬೇಟೆಯಲ್ಲಿ ಅಟ್ಟಿಸಿಕೊಂಡು ಹೋಗುವುದು ಎಂದು ಎರಡಕ್ಕೂ ಅರ್ಥ ಇತ್ತು. ಕೊನೆಗೆ ಅಟ್ಟುವುದು ಚೇಸ್‌ಗೆ, ಹಿಡಿಯುವುದು ಕ್ಯಾಚ್‌ಗೆ ಉಳಿಯಿತು. ರನ್ ಚೇಸ್ ಮಾಡುವಾಗ ಕ್ಯಾಚ್ ಕೊಟ್ಟು ಔಟಾದರೆ ಎರಡೂ ಕೂಡಿಬಂದಂತೆ.

ವಿಕೆಟ್ ಎಂದರೆ ನಾರ್ಮನ್ನರಲ್ಲಿ ದೊಡ್ಡ ಬಾಗಿಲಿನ ಒಳಗಿನ ಸಣ್ಣ ಬಾಗಿಲು. ಮೊದಮೊದಲು ಎರಡೇ ಸ್ಟಂಪು, ಮೇಲೆ ಒಂದು ಅಡ್ಡಕಡ್ಡಿ. ನೋಡಲು ಪುಟ್ಟ ಗೇಟಿನಂತೆ ಇತ್ತು. ಪ್ಯಾರಿಸಿನ ರೂಪ ಗಿಶೆ. ಇವತ್ತಿಗೂ ಫ್ರಾನ್ಸಿನ ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕಿಂಡಿಗೆ ಗಿಶೆ ಎನ್ನುತ್ತಾರೆ. ಮತ್ತದೇ ವ ಮತ್ತು ಗ.

ಅಂಪೈರ್ ಹಳೆಯ ಫ್ರೆಂಚಿನ ನಾನ್‌ಪೇರ್, ಜೋಡಿಯಲ್ಲದವನು. ಎರಡು ಕಡೆಗೂ ಸೇರದ ಮೂರನೆಯವನು. ಮೊದಲು ಅದು ನಂಪೈರ್ ಎಂದೇ ಇತ್ತು. ಅದಕ್ಕಿಂತ ಮೊದಲು ಬರುವ, ಒಂದು ಎಂಬ ಅರ್ಥದ ಎ ಜೊತೆ ಸೇರಿಸಿ ಆಡುವಾಗ ನಕಾರ ಜಾರಿ ಆ ಎ ಪದಕ್ಕೆ ಅಂಟಿಕೊಂಡು ಆನ್ ಅಂಪೈರ್ ಆಯಿತು.

ಪಾರ್ಲಿಮೆಂಟಿಗೂ ಬ್ಯೂಟಿ ಪಾರ್ಲರಿಗೂ ಸಂಬಂಧ ಇದೆ ಅನ್ನೋದು ನಿಜವಾ?

ನಿಜ. ಫ್ರೆಂಚಿನಲ್ಲಿ ಪಾರ್ಲೆ ಎಂದರೆ ಮಾತಾಡುವುದು. ಕೂತು ಮಾತಾಡುವ ಸಭೆ ಪಾರ್ಲಿಮೆಂಟ್. ಮಠದಲ್ಲಿ ಮೌನವ್ರತ ಇರುತ್ತಿತ್ತು. ಹೊರಗಿನಿಂದ ಬಂದವರ ಜೊತೆ ಸನ್ಯಾಸಿಗಳು ಮಾತಾಡಲು ಒಂದೇ ಕೋಣೆ. ಅದು ಪಾರ್ಲರ್. ಆಮೇಲೆ ಶ್ರೀಮಂತರ ಮನೆಯಲ್ಲಿ ಬಂದವರನ್ನು ಕೂರಿಸುವ ಕೋಣೆಗೆ ಆ ಹೆಸರು ಬಂತು, ಅಲ್ಲಿಂದ ಅಂಗಡಿಗೆ. ಈಗ ನಮ್ಮಲ್ಲಿ ನಂದಿನಿ ಹಾಲಿನ ಪಾರ್ಲರ್ ಕೂಡ ಇದೆ. ಬೆಳಿಗ್ಗೆ ಹಾಲು ತರಲು ಹೋದವರು ಅಲ್ಲಿ ನಾಲ್ಕು ಮಾತಾಡದೆ ಬರುವುದು ಅಪರೂಪ.

ಮೂರನೆಯ ನೆಂಟ ಪೆರೋಲ್. ಪರೋಲ್ ಎಂದರೆ ಫ್ರೆಂಚಿನಲ್ಲಿ ಮಾತು, ವಚನ. ಯುದ್ಧದಲ್ಲಿ ಸೆರೆಸಿಕ್ಕವನು ಓಡಿಹೋಗುವುದಿಲ್ಲ ಎಂದು ಮಾತು ಕೊಟ್ಟರೆ ಬಿಡುತ್ತಿದ್ದರು. ಆ ಮಾತೇ ಪೆರೋಲ್. ಹುಲಿಗೆ ಮಾತು ಕೊಟ್ಟು, ಕರುವಿಗೆ ಹಾಲುಣಿಸಿ ಮರಳಿ ಬಂದ ಹಸುವಿನ ಕಥೆ ಕೇಳಿ ಬೆಳೆದವರು ನಾವು. ಪೆರೋಲ್ ಎಂದರೇನು ಎಂದು ನಮಗೆ ಬೇರೆ ಹೇಳಿಕೊಡಬೇಕಾಗಿಲ್ಲ.

ಈ ಮನೆಯ ಹಿರಿಯ ಪದ ಗ್ರೀಕಿನ ಪರಬೊಲೆ, ಪಕ್ಕಪಕ್ಕ ಇಟ್ಟು ಹೋಲಿಸುವುದು. ಅದು ದೃಷ್ಟಾಂತ ಕಥೆ ಆಗಿ, ಆಮೇಲೆ ಬರೀ ಮಾತು ಆಯಿತು. ಪಿಯುಸಿಯಲ್ಲಿ ಗಣಿತ ಓದಿದವರಿಗೆ ಪ್ಯಾರಬೋಲ ಗೊತ್ತು. ಅದೂ ಇದೇ ಪದ.

ಬಸ್ಸು ಅಂದರೆ ಮೂಲದಲ್ಲಿ ಏನು?

ಏನೂ ಇಲ್ಲ. ಅದು ಬರೀ ಬಾಲ! 1820ರ ದಶಕದಲ್ಲಿ ಫ್ರಾನ್ಸಿನ ನಾಂತ್ ಊರಿನಲ್ಲಿ ಸ್ತಾನಿಸ್ಲಾಸ್ ಬೋದ್ರಿ ಎಂಬುವನು ಕುದುರೆ ಎಳೆಯುವ ದೊಡ್ಡ ಗಾಡಿ ಓಡಿಸಿದ. ಕಾಸು ಕೊಟ್ಟ ಯಾರು ಬೇಕಾದರೂ ಹತ್ತಬಹುದು. ಅಂಥ ಗಾಡಿಗೆ ಓಮ್ನಿಬುಸ್ ಎಂದು ಹೆಸರಾಯಿತು. ಲ್ಯಾಟಿನ್ನಿನಲ್ಲಿ ಎಲ್ಲರಿಗೂ ಎಂದರ್ಥ. 1828ರಲ್ಲಿ ಪ್ಯಾರಿಸಿಗೆ ಬಂತು, ಮರುವರ್ಷ ಲಂಡನ್ನಿಗೆ. ಇಂಗ್ಲಿಷಿನವರು ತಲೆ ಕತ್ತರಿಸಿ ಬಾಲ ಇಟ್ಟುಕೊಂಡರು. ಎಲ್ಲರಿಗೂ ಎಂಬ ಪದದಲ್ಲಿ ಎಲ್ಲ ಬಿಟ್ಟು ಬರೀ ರಿಗೂ ಉಳಿಸಿಕೊಂಡ ಹಾಗೆ. ನಾವು ರಿಗೂ ಬಂತಾ, ರಿಗೂ ಹೋಯ್ತಾ ಎಂದು ಕೇಳುತ್ತಿದ್ದೇವೆ ಎಂದುಕೊಳ್ಳಿ.

ಡಿಪೋ, ಟಿಕೆಟ್, ಗ್ಯಾರೇಜ್?

ಡಿಪೋ ಬ್ಯಾಂಕಿನ ಡಿಪಾಜಿಟ್ಟಿನ ತಮ್ಮ. ಒಂದು ಕಡೆ ದುಡ್ಡು ಇಡುತ್ತೇವೆ, ಇನ್ನೊಂದು ಕಡೆ ಬಸ್ಸು ಇಡುತ್ತೇವೆ. ಡಿಪಾಜಿಟ್ ಲ್ಯಾಟಿನ್ನಿನ ಸದ್ದನ್ನೆಲ್ಲ ಉಳಿಸಿಕೊಂಡಿದೆ. ಡಿಪೋ ಈಚಿನ ಫ್ರೆಂಚಿನಿಂದ ಬಂದದ್ದು, ಕೊನೆಯ ಟ ನುಂಗಿಬಿಟ್ಟಿದೆ.

ಟಿಕೆಟ್ ಮತ್ತು ಎಟಿಕೆಟ್ ಒಂದೇ. ಅಂಟಿಸಿದ ಚೀಟಿ ಎಂದು ಮೂಲ ಅರ್ಥ. ಚೀಟಿಯಲ್ಲಿ ಬರೆದಿಟ್ಟ ಅರಮನೆಯ ನಡಾವಳಿ ಎಟಿಕೆಟ್ ಆಯಿತು. ಷೋಫರ್ ಎಂದರೆ ಕಾಯಿಸುವವನು. ಹಬೆಯಿಂದ ಓಡುವ ಗಾಡಿಗಳ ಕಾಲದ ಹೆಸರು ಅದು. ಗ್ಯಾರೇಜ್ ಎಂದರೆ ಗಾಡಿಯನ್ನು ಜೋಪಾನವಾಗಿ ನಿಲ್ಲಿಸುವ ಜಾಗ. ಗಾರ್ಡಿಗೆ ಅದು ದೂರದ ನೆಂಟ.

ಮೇಷ್ಟ್ರು ಕನ್ನಡವೋ ಇಂಗ್ಲಿಷೋ?

ಈಗ ಕನ್ನಡವೇ. ಆದರೆ ಬಂದದ್ದು 'ಮಾಸ್ಟರ್' ಎಂಬುದರಿಂದ. ಇಂಗ್ಲಿಷಿನ ಮಾಸ್ಟರ್ ಹಳೆಯ ಫ್ರೆಂಚಿನ ಮೈಸ್ತ್ರ್ ಜೊತೆ ಕಲೆತು ಗಟ್ಟಿಯಾದ ಪದ. ಅದೇ ಕುಟುಂಬದ ಪೋರ್ಚುಗೀಸ್ ಪದ ಮೆಸ್ತ್ರೆ ನಮ್ಮಲ್ಲಿ ಮೇಸ್ತ್ರಿ ಆಯಿತು. ಪಾಠ ಹೇಳುವವರು ಮೇಷ್ಟ್ರು, ಮನೆ ಕಟ್ಟಿಸುವವರು ಮೇಸ್ತ್ರಿ. ಎರಡಕ್ಕೂ ಲ್ಯಾಟಿನ್ನಿನ ಮಾಗಿಸ್ತೆರ್ ಮೂಲ. ಮಿಸ್ಟರ್, ಮ್ಯಾಜಿಸ್ಟ್ರೇಟ್ ಕೂಡ ಅಲ್ಲಿಂದಲೇ.

ಮಾಗಿಸ್ ಎಂದರೆ ಹೆಚ್ಚು. ಹಾಗಾಗಿ ಮಾಗಿಸ್ತೆರ್ ಹೆಚ್ಚಿನವನು, ದೊಡ್ಡವನು. ಅದಕ್ಕೆ ಎದುರಾಗಿ ಮಿನುಸ್, ಅಂದರೆ ಕಡಿಮೆ. ಅದರಿಂದ ಮಿನಿಸ್ತೆರ್, ಚಿಕ್ಕವನು, ಸೇವಕ. ಫ್ರೆಂಚಿನ ಮೂಲಕ ಬಂದ ಮಿನಿಸ್ಟರ್ ಅದೇ. ಪದದ ಹುಟ್ಟಿನ ಪ್ರಕಾರ ಮೇಷ್ಟ್ರು ದೊಡ್ಡವರು, ಮಂತ್ರಿ ಜನರ ಸೇವಕ. ನನಗೆ ಇದು ಸರಿಯಾದ ಲೆಕ್ಕ ಎಂದೇ ಅನ್ನಿಸುತ್ತದೆ.

ಬಜೆಟ್ ಕೂಡ ಫ್ರೆಂಚಾ?

ಬುಜೆತ್ ಎಂದರೆ ಚರ್ಮದ ಪುಟ್ಟ ಚೀಲ. ಇಂಗ್ಲೆಂಡಿನ ಹಣಕಾಸು ಮಂತ್ರಿ ಲೆಕ್ಕ ಮಂಡಿಸುವುದನ್ನು ಚೀಲ ಬಿಚ್ಚುವುದು ಎನ್ನುತ್ತಿದ್ದರು. ಚೀಲದ ಹೆಸರು ಲೆಕ್ಕಕ್ಕೆ ಬಂತು. ನಮ್ಮಲ್ಲೂ ಬಜೆಟ್ ದಿನ ಮಂತ್ರಿಯ ಕೈಯಲ್ಲಿ ಪೆಟ್ಟಿಗೆ ಇರುತ್ತಿತ್ತು. 2019ರಲ್ಲಿ ನಿರ್ಮಲಾ ಸೀತಾರಾಮನ್ ಅದರ ಬದಲು ಕೆಂಪು ಬಟ್ಟೆಯಲ್ಲಿ ಸುತ್ತಿದ ಕಡತ ತಂದರು. ಫ್ರೆಂಚರು ಆಮೇಲೆ ಇದೇ ಪದವನ್ನು ಇಂಗ್ಲಿಷಿನಿಂದ ವಾಪಸು ಪಡೆದು ಬುಡ್ಜೆ ಎನ್ನುತ್ತಾರೆ. ತವರಿಗೆ ಮರಳಿದರೂ ತವರಿನವರು ಗುರುತು ಹಿಡಿಯಲಿಲ್ಲ.

ತಿಂಡಿ ಊಟದ ಪದಗಳಲ್ಲಿ ಯಾವುದನ್ನು ಜಾಸ್ತಿ ತಪ್ಪು ತಿಳಿಯುತ್ತಾರೆ?

ಕಟ್ಲೆಟ್. ಕತ್ತರಿಸುವ ಕಟ್ಟಿಗೂ ಅದಕ್ಕೂ ಏನೂ ಸಂಬಂಧ ಇಲ್ಲ. ಕೋತ್ಲೆತ್ ಎಂದರೆ ಪುಟ್ಟ ಪಕ್ಕೆಲುಬು. ಪಕ್ಕೆಲುಬಿನ ಜೊತೆಗಿನ ಮಾಂಸದ ತುಂಡಿಗೆ ಆ ಹೆಸರು. ಆಲೂಗಡ್ಡೆ, ಬೀಟ್‌ರೂಟ್ ಹಾಕಿದ ನಮ್ಮ ವೆಜ್ ಕಟ್ಲೆಟ್ಟಿಗೆ ಹೆಸರು ಮಾತ್ರ ಉಳಿಯಿತು. ನಿಜವಾಗಿ ಕತ್ತರಿಸುವುದರಿಂದ ಬಂದದ್ದು ಕೂಪನ್. ಕೂಪೆ ಎಂದರೆ ಫ್ರೆಂಚಿನಲ್ಲಿ ಕತ್ತರಿಸು.

ಬಿಸ್ಕತ್ತು ಎಂದರೆ ಎರಡು ಸಲ ಬೇಯಿಸಿದ್ದು. ಆ ಹೆಸರು ಈಗ ರಸ್ಕಿಗೆ ಹೆಚ್ಚು ಒಪ್ಪುತ್ತದೆ. ರೆಸ್ಟೋರೆಂಟ್ ಎಂದರೆ ಮೊದಲು ಅಂಗಡಿಯಲ್ಲ, ಸುಸ್ತಾದವರಿಗೆ ಚೈತನ್ಯ ಕೊಡುವ ಒಂದು ಸಾರು. 18ನೇ ಶತಮಾನದ ಪ್ಯಾರಿಸಿನಲ್ಲಿ ಅದನ್ನು ಮಾರುವ ಜಾಗಕ್ಕೂ ಅದೇ ಹೆಸರಾಯಿತು. ಮೆನು ಎಂದರೆ ಸಣ್ಣದು, ಸಣ್ಣಸಣ್ಣ ವಿವರಗಳ ಪಟ್ಟಿ. ಮೇಲೆ ಹೇಳಿದ ಮಿನುಸ್ ಇದರಲ್ಲೂ ಇದೆ.

ಸಾಸ್, ಸಲಾಡ್, ಸಾಸೇಜ್ ಮೂರೂ ಉಪ್ಪಿನ ಮಕ್ಕಳು. ಲ್ಯಾಟಿನ್ನಿನಲ್ಲಿ ಉಪ್ಪಿಗೆ ಸಾಲ್. ಸ್ಯಾಲರಿ ಕೂಡ ಅದರಿಂದಲೇ. ರೋಮಿನ ಸೈನಿಕರಿಗೆ ಸಂಬಳದ ಬದಲು ಉಪ್ಪನ್ನೇ ಅಳೆದು ಕೊಡುತ್ತಿದ್ದರು ಎಂಬ ಕಥೆ ಎಲ್ಲ ಕಡೆ ಓಡಾಡುತ್ತದೆ. ಅದಕ್ಕೆ ಹಳೆಯ ಆಧಾರ ಇಲ್ಲ, ದಯವಿಟ್ಟು ಹಂಚಬೇಡಿ. ಕಥೆ ಇಲ್ಲದಿದ್ದರೂ ಆ ನಂಟು ನಮಗೆ ಅರ್ಥವಾಗುತ್ತದೆ. ಕೆಲಸ ಕೊಟ್ಟವರ ಉಪ್ಪಿನ ಋಣ ಎನ್ನುವ ಮಾತು ನಮ್ಮದೂ ಹೌದಲ್ಲ.

ಬೆಂಗಳೂರಿನ ರಸ್ತೆಗಳ ಹೆಸರಿನಲ್ಲೂ ಫ್ರೆಂಚ್ ಇದೆಯಾ?

ದಂಡಿನ ಕಡೆ ಹೋದರೆ ಹೆಜ್ಜೆಗೊಂದು. 1809ರಲ್ಲಿ ಬ್ರಿಟಿಷರು ಅಲ್ಲಿ ಸೈನ್ಯದ ನೆಲೆ ಮಾಡಿದರು. ಕಂಟೋನ್ಮೆಂಟ್ ಎಂಬುದೇ ಫ್ರೆಂಚ್. ಕಾಂತೊಂ ಎಂದರೆ ಮೂಲೆ, ಪ್ರದೇಶದ ಒಂದು ಭಾಗ. ಸೈನ್ಯವನ್ನು ಹಂಚಿ ಇರಿಸುವ ಜಾಗ. ಕನ್ನಡಿಗರು ಅದನ್ನು ದಂಡು ಎಂದು ಒಂದೇ ಪುಟ್ಟ ಪದದಲ್ಲಿ ಮುಗಿಸಿದರು. ನನಗೆ ಅದೇ ಇಷ್ಟ.

ಇನ್‌ಫೆಂಟ್ರಿ ರೋಡಿನ ಇನ್‌ಫೆಂಟ್ರಿ ಎಳೆಮಗು ಎಂಬ ಅರ್ಥದ ಇನ್‌ಫೆಂಟ್ ಜೊತೆ ಹುಟ್ಟಿದ್ದು. ಇಟಲಿಯಲ್ಲಿ ಇನ್‌ಫಾಂತೆ ಎಂದರೆ ಹುಡುಗ. ಕುದುರೆ ಇಲ್ಲದೆ ನಡೆದು ಹೋಗುವ ಹುಡುಗರ ಪಡೆಗೆ ಆ ಹೆಸರು ಬಂದು, ಫ್ರೆಂಚಿನ ದಾರಿಯಲ್ಲಿ ಇಂಗ್ಲಿಷಿಗೆ ಹೋಯಿತು. ಈಗಿನ ಕಾಮರಾಜ್ ರಸ್ತೆ ಹಿಂದೆ ಕ್ಯಾವಲ್ರಿ ರೋಡ್, ಕುದುರೆ ಪಡೆಯ ರಸ್ತೆ. ಬ್ರಿಗೇಡ್, ಪೆರೇಡ್ ಕೂಡ ಫ್ರೆಂಚಿನ ಮೂಲಕವೇ.

ಇವನ್ನೆಲ್ಲ ಫ್ರೆಂಚರ ಹಾಗೇ ಉಚ್ಚರಿಸಬೇಕಾ?

ಬೇಡ. ಯಾರಾದರೂ ಗ್ಯಾರೇಜನ್ನು ಗರಾಝ್ ಎಂದು ತಿದ್ದಿದರೆ ಬೇಸರ ಮಾಡಿಕೊಳ್ಳಬೇಡಿ. ಇಂಗ್ಲಿಷಿನವರು ಫ್ರೆಂಚರನ್ನು ಕೇಳಿ ಉಚ್ಚರಿಸಲಿಲ್ಲ, ಫ್ರೆಂಚರು ರೋಮಿನವರನ್ನು ಕೇಳಲಿಲ್ಲ. ಬಸ್ಸು, ಕೋರ್ಟು, ಕರ್ಚೀಫು ಎಂದು ಕೊನೆಗೆ ಉ ಸೇರಿಸಿದ್ದು ಕನ್ನಡದ ಸ್ವಭಾವ. ಹಾಗೆ ಸೇರಿಸಿದ ಮೇಲೆ ಬಸ್ಸಿನಲ್ಲಿ, ಕೋರ್ಟಿಗೆ ಎಂದು ಅದು ನಮ್ಮ ವಿಭಕ್ತಿಗಳಿಗೆ ಸಲೀಸಾಗಿ ಹೊಂದಿಕೊಳ್ಳುತ್ತದೆ.

ಎರಡು ಪದ ಒಂದೇ ಥರ ಕೇಳಿಸಿದರೆ ನೆಂಟರು ಎಂದುಕೊಳ್ಳಬಹುದಾ?

ಸುಮ್ನೆ ಕಿವಿಯನ್ನೇ ನಂಬಬೇಡಿ. ಹತ್ತಿರ ಕೇಳಿಸುವ ಕಟ್ ಮತ್ತು ಕಟ್ಲೆಟ್ ನೆಂಟರಲ್ಲ. ದೂರ ಕೇಳಿಸುವ ವಿಕೆಟ್ ಮತ್ತು ಗಿಶೆ ನೆಂಟರು. ಹಳೆಯ ಬರಹಗಳಲ್ಲಿ ಪದದ ರೂಪ ಹೇಗಿತ್ತು, ಸದ್ದು ಬದಲಾದದ್ದಕ್ಕೆ ಬೇರೆ ಹತ್ತು ಪದಗಳ ಸಾಕ್ಷಿ ಇದೆಯಾ ಎಂದು ನೋಡಬೇಕು. ಒಂದೇ ಪದದಲ್ಲಿ ವ ಗ ಆದರೆ ಅದು ಊಹೆ. ಸಾಲುಸಾಲು ಪದಗಳಲ್ಲಿ ಆದರೆ ಅದು ನಿಯಮ.

ಪಂಡಿತರೂ ಇದರಲ್ಲಿ ಎಡವಿದ್ದಾರೆ. ಇಂಗ್ಲಿಷಿನಲ್ಲಿ ದ್ವೀಪಕ್ಕೆ ಐಲ್ಯಾಂಡ್ ಎಂಬುದು ಅಚ್ಚ ಇಂಗ್ಲಿಷ್ ಪದ. ಅದರಲ್ಲಿ ಎಸ್ ಅಕ್ಷರವೇ ಇರಲಿಲ್ಲ. ಫ್ರೆಂಚಿನಿಂದ ಬಂದ ಐಲ್ ಎಂಬ ಇನ್ನೊಂದು ಪದಕ್ಕೂ ಅದೇ ಅರ್ಥ. ಅದರ ಬರಹದಲ್ಲಿ ಲ್ಯಾಟಿನ್ನಿನ ಇನ್‌ಸುಲಾದಿಂದ ಬಂದ ಎಸ್ ಇತ್ತು. ಎರಡೂ ಒಂದೇ ಕುಟುಂಬ ಎಂದು ತಿಳಿದು ಐಲ್ಯಾಂಡಿಗೂ ಎಸ್ ಸೇರಿಸಿದರು. ನಾಲ್ಕೈದು ಶತಮಾನದಿಂದ ಮಕ್ಕಳು ಆ ಎಸ್ ಬರೆಯುವುದನ್ನು ಉರು ಹೊಡೆಯುತ್ತಿದ್ದಾರೆ. ಓದುವಾಗ ಅದನ್ನು ಯಾರೂ ಎಂದೂ ಉಚ್ಚರಿಸಿಲ್ಲ.